ಗೋಲು ಕಾಯುವ ಮಕ್ಕಳು

ನಮ್ಮ ಪುರಾಣಗಳು ಬಾಗಿಲು ಕಾಯುವವನಿಗೆ ದಯೆ ತೋರಿದ್ದು ಕಡಿಮೆ. ಜಯವಿಜಯರು ವೈಕುಂಠದ ಬಾಗಿಲಲ್ಲಿ ಎಷ್ಟು ಕಾಲ ಲೋಪವಿಲ್ಲದೆ ನಿಂತಿದ್ದರೋ ಯಾರೂ ಲೆಕ್ಕ ಇಟ್ಟಿಲ್ಲ. ಸನಕಾದಿಗಳನ್ನು ತಡೆದ ಒಂದು ಗಳಿಗೆ ಮಾತ್ರ ಕಥೆಯಾಗಿ ಉಳಿದು ಮೂರು ಜನ್ಮಗಳ ಶಾಪವಾಯಿತು. ಪದ್ಮವ್ಯೂಹದ ಬಾಗಿಲಲ್ಲಿ ನಾಲ್ವರು ಪಾಂಡವರನ್ನು ತಡೆದು ನಿಂತ ಸೈಂಧವನಿಗೆ ಮರುದಿನವೇ ತಲೆ ಹೋಯಿತು. ಅವನ ಪಕ್ಷ ಅಧರ್ಮದ್ದು, ಆ ಮಾತು ಬೇರೆ. ಕಾವಲಿನ ಕೆಲಸದ ಸ್ವಭಾವವೇ ಹೀಗೆ: ಸರಿಯಾಗಿ ನಡೆಯುತ್ತಿರುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ; ತಪ್ಪಿದಾಗ ಊರೇ ತಿರುಗಿ ನೋಡುತ್ತದೆ.

ಆಟದ ಬಯಲಿನಲ್ಲಿ ಈ ಪಾಡು ಹಾಕಿಯ ಗೋಲ್‌ಕೀಪರನದು. ಹುಡುಗರ ಬಾಯಲ್ಲಿ ಅವನು ಗೋಲಿ. ಮುಂಚೂಣಿಯ ಆಟಗಾರ ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ವೀರನೆನಿಸುತ್ತಾನೆ. ಗೋಲಿ ಹತ್ತು ಸಲ ತಡೆದು ಹನ್ನೊಂದನೆಯ ಸಲ ಬಿಟ್ಟರೆ ಅಪರಾಧಿಯಾಗುತ್ತಾನೆ. ದೊಡ್ಡವರು ಇದನ್ನು ಹೇಗೋ ಸಹಿಸಿಯಾರು. ಹತ್ತು ಹನ್ನೆರಡು ವರ್ಷದ ಮಗುವಿನ ಹೆಗಲ ಮೇಲೆ ಈ ಭಾರವನ್ನು ಹೊರಿಸುವಾಗ, ಅದನ್ನು ಹೊರುವ ವಿದ್ಯೆಯನ್ನೂ ನಾವು ಕಲಿಸಿದ್ದೇವೆಯೇ? ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಹಾಕಿಪಟುವಲ್ಲ. ಬಯಲಿನ ಅಂಚಿನಲ್ಲಿ ನಿಂತು ಬಹುಕಾಲ ನೋಡಿದವನು. ನೋಡಿದ್ದನ್ನೂ ಓದಿ ತಿಳಿದದ್ದನ್ನೂ ಕೂಡಿಸಿ ಈ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ದಾವಣಗೆರೆಯಲ್ಲಾಗಲಿ, ಹದಿನಾಲ್ಕು ಕಿಲೋಮೀಟರು ಆಚೆಯ ಹರಿಹರದಲ್ಲಾಗಲಿ ಮಕ್ಕಳ ಆಟದಲ್ಲಿ ಗೋಲಿಯ ನೇಮಕ ಹೇಗೆ ಆಗುತ್ತದೆ ಎಂಬುದನ್ನು ಗಮನಿಸಿ. ಮೈ ಸ್ವಲ್ಪ ದಪ್ಪಗಿರುವವನು, ತಡವಾಗಿ ಬಂದವನು, ಎಲ್ಲರಿಗಿಂತ ಚಿಕ್ಕವನು, ಸ್ವಂತ ಸ್ಟಿಕ್ಕು ಇಲ್ಲದವನು, ಇವರಲ್ಲೊಬ್ಬ ಗೋಲಿಗೆ ಹೋಗುತ್ತಾನೆ. ಎರಡು ಇಟ್ಟಿಗೆ ಅಥವಾ ಎರಡು ಜೊತೆ ಚಪ್ಪಲಿ ಗೋಲಿನ ಕಂಬಗಳಾಗುತ್ತವೆ. ಆ ಹುಡುಗನಿಗೆ ಆಟದಲ್ಲಿ ಪಾಲು ಸಿಕ್ಕಿತೆಂದು ನಾವು ತಿಳಿಯುತ್ತೇವೆ. ಅವನು ಮಾತ್ರ ಆಟದಿಂದ ತನ್ನನ್ನು ಹೊರಗಿಟ್ಟರೆಂದು ತಿಳಿಯುತ್ತಾನೆ. ಗೋಲಿಯ ತರಬೇತಿ ಆರಂಭವಾಗಬೇಕಾದದ್ದು ಈ ತಿಳಿವಳಿಕೆಯನ್ನು ತಿದ್ದುವುದರಿಂದ.

ಮೊದಲು ಅವನ ಕೆಲಸ ಎಷ್ಟು ಕಠಿಣವೆಂಬುದನ್ನು ಲೆಕ್ಕದಲ್ಲಿ ನೋಡೋಣ. ಹಾಕಿಯ ಗೋಲು 3.66 ಮೀಟರು ಅಗಲ, 2.14 ಮೀಟರು ಎತ್ತರ. ಚೆಂಡಿನ ತೂಕ 156ರಿಂದ 163 ಗ್ರಾಂ, ಕಲ್ಲಿನಷ್ಟು ಗಟ್ಟಿ. ಗೋಲಿನ ಮುಂದೆ ಎಳೆದ, ಆಟಗಾರರು 'ಡಿ' ಎನ್ನುವ ಗೆರೆ 14.63 ಮೀಟರು ದೂರದಲ್ಲಿರುತ್ತದೆ. ಅಲ್ಲಿಂದ ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಹೊರಟ ಚೆಂಡು ಗೋಲನ್ನು ಮುಟ್ಟಲು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಕಾಲ ಸಾಕು. ಕಣ್ಣು ಕಂಡದ್ದನ್ನು ಮೈ ಅರಿತು ಚಲಿಸತೊಡಗುವುದಕ್ಕೇ ಅದರಲ್ಲಿ ಸುಮಾರು ಐದನೇ ಒಂದು ಸೆಕೆಂಡು ಕಳೆಯುತ್ತದೆ. ಉಳಿದ ಅಲ್ಪ ಕಾಲದಲ್ಲಿ ಮೂರೂವರೆ ಮೀಟರಿಗಿಂತ ಅಗಲವಾದ ಬಾಗಿಲನ್ನು ಒಂದು ಮಗು ಕಾಯಬೇಕು. ಹಾರಿ ಹಿಡಿಯುವ ಚುರುಕೊಂದರಿಂದಲೇ ಇದು ಆಗುವ ಕೆಲಸವಲ್ಲ. ಚೆಂಡು ಹೊರಡುವ ಮುನ್ನವೇ ಸರಿಯಾದ ಜಾಗದಲ್ಲಿ ನಿಂತಿರಬೇಕು.

ಈ ನಿಲ್ಲುವ ವಿದ್ಯೆಯೇ ಮೊದಲ ಪಾಠ. ಗೋಡೆಯ ಮುಂದೆ ದೀಪವಿಟ್ಟು ನಡುವೆ ಅಂಗೈ ಹಿಡಿದು ನೋಡಿ. ಕೈ ಗೋಡೆಗೆ ಹತ್ತಿರವಿದ್ದರೆ ಅಂಗೈಯಷ್ಟೇ ನೆರಳು. ದೀಪದ ಕಡೆಗೆ ಸರಿಸಿದಂತೆ ನೆರಳು ಗೋಡೆಯನ್ನೆಲ್ಲ ತುಂಬುತ್ತದೆ. ಚೆಂಡೇ ದೀಪ, ಗೋಲೇ ಗೋಡೆ, ಗೋಲಿಯ ಮೈಯೇ ಅಂಗೈ. ಚೆಂಡು ಎದುರಿಗೆ ಹತ್ತು ಮೀಟರು ದೂರದಲ್ಲಿದೆ ಎನ್ನಿ. ಗೆರೆಯ ಮೇಲೆಯೇ ನಿಂತವನು 3.66 ಮೀಟರು ಅಗಲವನ್ನು ಕಾಯಬೇಕು; ಎರಡು ಮೀಟರು ಮುಂದೆ ಬಂದವನಿಗೆ 2.93 ಮೀಟರು ಕಾದರೆ ಸಾಕು. ಎರಡೇ ಹೆಜ್ಜೆಯಲ್ಲಿ ಮುಕ್ಕಾಲು ಮೀಟರಿನಷ್ಟು ಬಾಗಿಲು ಮುಚ್ಚಿತು! ಹಾಗೆಂದು ಮಿತಿಮೀರಿ ಮುಂದೆ ಬಂದರೆ ಎದುರಾಳಿ ಚೆಂಡನ್ನು ಪಕ್ಕದವನಿಗೆ ತಳ್ಳುತ್ತಾನೆ. ಆಗ ಹಿಂದೆ ತೆರೆದ ಬಾಗಿಲೊಂದೇ ಉಳಿಯುತ್ತದೆ. ಎಷ್ಟು ಮುಂದೆ, ಎಂದು ಹಿಂದೆ ಎಂಬ ವಿವೇಕ ಬರಲು ವರ್ಷಗಳು ಬೇಕು.

ಇದನ್ನು ಮಗುವಿಗೆ ರೇಖಾಗಣಿತದ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ. ಅನುಭವಿ ತರಬೇತುದಾರರು ಎರಡು ಹಗ್ಗ ತರುತ್ತಾರೆ. ಎರಡೂ ಕಂಬಗಳಿಗೆ ಒಂದೊಂದನ್ನು ಕಟ್ಟಿ, ತುದಿಗಳನ್ನು ಚೆಂಡಿರುವ ಕಡೆ ಕೂಡಿಸಿ ಹಿಡಿಯುತ್ತಾರೆ. ನಡುವೆ ನಿಂತ ಮಗುವಿಗೆ ತನ್ನ ಎಡಬಲಕ್ಕೆ ಎಷ್ಟೆಷ್ಟು ತೆರವಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಚೆಂಡನ್ನು ಬಲಕ್ಕೆ ಒಯ್ದರೆ ಹಗ್ಗಗಳೂ ಸರಿಯುತ್ತವೆ, ಮಗುವೂ ಚಿಕ್ಕ ಚಿಕ್ಕ ಹೆಜ್ಜೆಯಿಟ್ಟು ಸರಿಯುತ್ತದೆ. ಕಾಲುಗಳನ್ನು ಅಡ್ಡ ಹಾಯಿಸದೆ, ಭಾರವನ್ನು ಮುಂಗಾಲಿನ ಮೇಲಿಟ್ಟು, ಮೊಣಕಾಲು ತುಸು ಬಾಗಿಸಿ, ಕೈಗಳನ್ನು ಮುಂದೆ ಚಾಚಿ ಸರಿಯುವುದನ್ನು ವಾರಗಟ್ಟಲೆ ಮಾಡಿಸಬೇಕು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡುತ್ತಿದ್ದ ಕಾಲವನ್ನು ಕಂಡವರಿಗೆ ಇದರ ಮರ್ಮ ತಿಳಿದೀತು. ಹತ್ಯಾರವನ್ನು ಸರಿಯಾಗಿ ಕೂಡಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಕಬ್ಬಿಣ ಕೊರೆಯುವ ಕೆಲಸ ಆಮೇಲೆ ಬೇಗ ಆಗುತ್ತದೆ.

ಎರಡನೆಯ ಪಾಠ ಬೀಳುವುದು ಮತ್ತು ಏಳುವುದು. ದಾವಣಗೆರೆ ಗರಡಿಮನೆಗಳ ಊರು. ಹೊಸದಾಗಿ ಸೇರಿದ ಹುಡುಗನನ್ನು ಉಸ್ತಾದರು ಮೊದಲ ದಿನವೇ ಜೋಡಿಗೆ ಬಿಡುವುದಿಲ್ಲ. ಮಟ್ಟಿಯನ್ನು ಹದಮಾಡುತ್ತಾರೆ; ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಾರೆ. ಗೋಲಿಗೂ ಇದೇ ಬೇಕು. ನಮ್ಮ ಕಡೆಯ ಕರಿಮಣ್ಣು ಬೇಸಿಗೆಯಲ್ಲಿ ಬಿರಿದು ಕಲ್ಲಾಗುತ್ತದೆ. ಅದರ ಮೇಲೆ ಚೆಂಡು ಎಲ್ಲಿ ಪುಟಿದೀತೆಂದು ಹೇಳಲಾಗದು, ಬಿದ್ದ ಮಗುವಿನ ಮೊಣಕಾಲು ಸುಲಿಯದೆ ಇರದು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ದೊಡ್ಡ ಪಂದ್ಯಗಳು ಕೃತಕ ಹುಲ್ಲಿನ ಅಂಗಳಕ್ಕೆ ಹೋದವು. ಅಲ್ಲಿ ಚೆಂಡು ಬಲುವೇಗ, ಆದರೆ ನೇರ. ಮಣ್ಣಿನಲ್ಲಿ ಆಡುವ ನಮ್ಮ ಗೋಲಿಗೆ ವೇಗಕ್ಕಿಂತ ವಂಚನೆ ಹೆಚ್ಚು. ಆದುದರಿಂದ ಡೈವ್ ಹೊಡೆಯುವ ಅಭ್ಯಾಸವನ್ನು ಮರಳು ಹಾಸಿದ ಜಾಗದಲ್ಲೋ ಹಳೆಯ ಹಾಸಿಗೆಯ ಮೇಲೋ ಮಾಡಿಸುವುದು ಒಳ್ಳೆಯದು.

ಮೂರನೆಯದು ಭಯ. ಮುಖದ ಕಡೆ ಬರುವ ವಸ್ತುವನ್ನು ಕಂಡು ಕಣ್ಣು ಮುಚ್ಚುವುದು ದೇಹಧರ್ಮ. ಅದನ್ನು ಹೇಡಿತನವೆಂದು ಹೀಯಾಳಿಸುವುದು ಅನ್ಯಾಯ. ಮೊದಲು ಟೆನಿಸ್ ಚೆಂಡನ್ನು ಕೈಯಿಂದ ಎಸೆಯಬೇಕು, ಆಮೇಲೆ ಸ್ಟಿಕ್ಕಿನಿಂದ ಮೆಲ್ಲಗೆ ತಳ್ಳಬೇಕು. ಗಟ್ಟಿ ಚೆಂಡಿನ ಸರದಿ ಕೊನೆಗೆ. ಚೆಂಡು ಪ್ಯಾಡಿಗೆ ಬಡಿಯುವ ಕ್ಷಣದವರೆಗೂ ಅದನ್ನೇ ನೋಡುತ್ತಿರುವ ಅಭ್ಯಾಸ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಆದರೆ ಇದಕ್ಕೆಲ್ಲ ಮುಂಚೆ ಮಗುವಿನ ತಲೆಗೆ ಹೆಲ್ಮೆಟ್, ಕತ್ತಿಗೆ ಪಟ್ಟಿ, ಎದೆಗೆ ಕಾಪು, ಕಾಲಿಗೆ ಪ್ಯಾಡು ಇರಲೇಬೇಕು. ಅವಿಲ್ಲದೆ ಗಟ್ಟಿ ಚೆಂಡಿನ ಮುಂದೆ ಮಗುವನ್ನು ನಿಲ್ಲಿಸಬಾರದು. ಈ ಒಂದು ವಿಷಯದಲ್ಲಿ ರಾಜಿಗೆ ಎಡೆಯಿಲ್ಲ.

ಈ ಮಾತನ್ನು ಜಗತ್ತು ಎಷ್ಟು ತಡವಾಗಿ ಒಪ್ಪಿತು ಎಂಬುದಕ್ಕೆ ನಮ್ಮ ಹಾಕಿಯ ದಾಯಾದಿಯಾದ ಐಸ್ ಹಾಕಿಯ ಚರಿತ್ರೆ ಸಾಕ್ಷಿ. ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲಿಗೆ ಸ್ಕೇಟು ಕಟ್ಟಿಕೊಂಡು ಆಡುವ ಆಟ ಅದು. ದಾವಣಗೆರೆಯವರು ಮಂಜುಗಡ್ಡೆಯನ್ನು ಕಾಣುವುದು ಕಬ್ಬಿನ ಹಾಲಿನ ಗಾಡಿಯಲ್ಲಿ, ಗೋಣಿತಾಟು ಹೊದ್ದ ಗಡ್ಡೆಯಾಗಿ. ಅದರ ಮೇಲೆ ಆಟವಾಡುವರೆಂದರೆ ಸೋಜಿಗವೆನಿಸಬಹುದು. ಆದರೆ ನಮ್ಮ ದೇಶದಲ್ಲಿಯೇ ಲಡಾಖ್ ಮತ್ತು ಸ್ಪಿತಿಯ ಮಕ್ಕಳು ಚಳಿಗಾಲದಲ್ಲಿ ಇದನ್ನು ಆಡುತ್ತಾರೆ. ಭಾರತದ ಮಹಿಳಾ ತಂಡ 2025ರ ಏಷ್ಯಾ ಕಪ್ಪಿನಲ್ಲಿ ಕಂಚು ಗೆದ್ದಿತು. ಅಲ್ಲಿ ಗೋಲು ಚಿಕ್ಕದು, 1.83 ಮೀಟರು ಅಗಲ, 1.22 ಮೀಟರು ಎತ್ತರ. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಆಟ ಬೇರೆಯಾದರೂ ಗೋಲಿಯ ಪಾಡು ಒಂದೇ.

ಕೆನಡದ ಜಾಕ್ ಪ್ಲಾಂಟ್ ಆ ಆಟದ ಹೆಸರಾಂತ ಗೋಲಿ. ಬಾಲ್ಯದಲ್ಲಿ ಉಬ್ಬಸ ಅವನನ್ನು ಕಾಡುತ್ತಿತ್ತು. ಬಹುದೂರ ಸ್ಕೇಟು ಮಾಡಲಾರದೆ ಗೋಲಿಗೆ ಬಂದವನು. ಆ ಕಾಲದಲ್ಲಿ ಗೋಲಿಗಳು ಬರಿಮುಖದಲ್ಲಿಯೇ ನಿಲ್ಲುತ್ತಿದ್ದರು. ಪ್ಲಾಂಟ್ ಅಭ್ಯಾಸದ ವೇಳೆ ಮುಖವಾಡ ತೊಡುತ್ತಿದ್ದ. ಪಂದ್ಯದಲ್ಲಿ ತೊಡಲು ಅವನ ತರಬೇತುದಾರ ಟೋ ಬ್ಲೇಕ್ ಒಪ್ಪಿರಲಿಲ್ಲ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಪಕ್ ಬಂದು ಮುಖಕ್ಕೆ ಬಡಿಯಿತು. ಹೊಲಿಗೆ ಹಾಕಿಸಿಕೊಂಡ ಪ್ಲಾಂಟ್, ಮುಖವಾಡವಿಲ್ಲದೆ ಮರಳಿ ಇಳಿಯುವುದಿಲ್ಲವೆಂದ. ಬದಲಿ ಗೋಲಿ ಇರಲಿಲ್ಲ, ಬ್ಲೇಕ್ ಒಪ್ಪಲೇಬೇಕಾಯಿತು. ಆ ಪಂದ್ಯವನ್ನು ಪ್ಲಾಂಟನ ತಂಡ ಗೆದ್ದಿತು. ಮುಂದಿನ ಹದಿನೈದು ವರ್ಷಗಳಲ್ಲಿ ಬರಿಮುಖದ ಗೋಲಿ ಎಂಬ ಜಾತಿಯೇ ಅಲ್ಲಿ ಇಲ್ಲವಾಯಿತು. ಅವನದೇ ಕಾಲದ ಗ್ಲೆನ್ ಹಾಲ್ 502 ಪಂದ್ಯಗಳನ್ನು ಒಂದೂ ತಪ್ಪದೆ, ಮುಖವಾಡವಿಲ್ಲದೆ ಆಡಿದ ಧೀರ. ಆ ಧೀರನೂ ಪಂದ್ಯಕ್ಕೆ ಮುಂಚೆ ಉದ್ವೇಗದಿಂದ ವಾಂತಿ ಮಾಡಿಕೊಳ್ಳುತ್ತಿದ್ದ. ಧೈರ್ಯವೆಂದರೆ ಭಯವಿಲ್ಲದಿರುವುದು ಎಂದು ಮಕ್ಕಳಿಗೆ ಬೋಧಿಸುವವರು ಇದನ್ನು ನೆನೆಯಬೇಕು.

ರಕ್ಷಣೆಯ ಸಾಮಗ್ರಿಗೆ ಹಣ ಬೇಕು, ನಿಜ. ಶಾಲೆಗಳು ಹತ್ತು ಸ್ಟಿಕ್ಕು ಕೊಳ್ಳುತ್ತವೆ; ಗೋಲಿಯ ಉಡುಪಿನ ಬೆಲೆ ಕೇಳಿ ಹಿಂಜರಿಯುತ್ತವೆ. ಕೇರಳದ ಪಿ. ಆರ್. ಶ್ರೀಜೇಶ್ ತಿರುವನಂತಪುರದ ಕ್ರೀಡಾಶಾಲೆಯಲ್ಲಿ ಗೋಲಿಯಾದಾಗ ರೈತನಾದ ಅವರ ತಂದೆ ಹಸುವನ್ನು ಮಾರಿ ಆ ಉಡುಪನ್ನು ಕೊಡಿಸಿದರು. ಆ ಹಸುವಿನ ಋಣ ದೇಶದ ಮೇಲಿದೆ: 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ, ಜರ್ಮನಿಯ ವಿರುದ್ಧ 5-4ರ ಮುನ್ನಡೆಯಲ್ಲಿದ್ದಾಗ, ಕೊನೆಯ ಕ್ಷಣಗಳ ಪೆನಾಲ್ಟಿ ಕಾರ್ನರನ್ನು ಶ್ರೀಜೇಶ್ ತಡೆದರು. ನಲವತ್ತೊಂದು ವರ್ಷಗಳ ಮೇಲೆ ಭಾರತಕ್ಕೆ ಹಾಕಿಯಲ್ಲಿ ಒಲಿಂಪಿಕ್ ಪದಕ ಬಂತು. ಆದರೆ ಎಲ್ಲ ಮನೆಗಳಲ್ಲೂ ಮಾರಲು ಹಸುವಿರುವುದಿಲ್ಲ. ಹಸುವಿದ್ದರೂ, ಶಾಲೆ ಹೊರಬೇಕಾದ ವೆಚ್ಚವನ್ನು ಕೊಟ್ಟಿಗೆ ಹೊರಬೇಕೇ?

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆಯೇ ಇಲ್ಲವೆಂದಲ್ಲ. ಕೊಡಗಿಗೆ ಹೋಗಿ ನೋಡಿ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅರವತ್ತು ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳು ಸೇರಿದವು. ಅಷ್ಟು ತಂಡಗಳೆಂದರೆ ಅಷ್ಟೇ ಗೋಲಿಗಳು. ಅಲ್ಲಿನ ಮಗು ತನ್ನ ಚಿಕ್ಕಪ್ಪನೋ ಅಣ್ಣನೋ ಪ್ಯಾಡು ಕಟ್ಟಿ ನಿಲ್ಲುವುದನ್ನು, ಗೋಲು ಬಿಟ್ಟುಕೊಟ್ಟ ಸಂಜೆಯೂ ಮನೆಯವರೊಂದಿಗೆ ಕೂತು ಊಟ ಮಾಡುವುದನ್ನು ಕಾಣುತ್ತದೆ. ಈ ಎರಡನೆಯ ನೋಟವೇ ದೊಡ್ಡ ಪಾಠ. 1992ರ ಬಾರ್ಸಿಲೋನಾ ಮತ್ತು 1996ರ ಅಟ್ಲಾಂಟಾ ಒಲಿಂಪಿಕ್ಸುಗಳಲ್ಲಿ ಭಾರತ ತಂಡದ ಗೋಲಿಯಾಗಿದ್ದ ಅಂಜಪರವಂಡ ಸುಬ್ಬಯ್ಯ ಕೊಡಗಿನವರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯ ದಕ್ಷಿಣ ಕೊರಿಯದ ವಿರುದ್ಧ ಸಮವಾಗಿ, ಟೈಬ್ರೇಕರಿಗೆ ಹೋದಾಗ, ಎರಡು ಹೊಡೆತಗಳನ್ನು ತಡೆದು ಮೂವತ್ತೆರಡು ವರ್ಷಗಳ ಮೇಲೆ ಭಾರತಕ್ಕೆ ಆ ಚಿನ್ನವನ್ನು ತಂದ ಆಶಿಶ್ ಬಲ್ಲಾಳ್ ಕರ್ನಾಟಕದ ಆಟಗಾರ. ಬರಿಯ 6.40 ಮೀಟರು ದೂರದಿಂದ ಬರುವ ಹೊಡೆತ ಅದು. ಚೆಂಡನ್ನು ನೋಡಿ ಹಾರಿದರೆ ತಡವಾಗುತ್ತದೆ; ಹೊಡೆಯುವವನ ಭುಜ, ಪಾದ, ಸ್ಟಿಕ್ಕಿನ ಮುಖ ಇವನ್ನು ಓದಬೇಕು. ಹರಿಹರದ ಗುಡಿಯಲ್ಲಿ ಒಂದೇ ವಿಗ್ರಹ ಹರಿಯೂ ಹೌದು, ಹರನೂ ಹೌದು. ಗೋಲಿಯಲ್ಲಿಯೂ ಹಾಗೆ ಎರಡು ಗುಣ ಒಂದಾಗಿರಬೇಕು: ಕಡೆಯ ಕ್ಷಣದವರೆಗೆ ಕದಲದ ಸ್ತಿಮಿತ, ಮರುಕ್ಷಣದಲ್ಲಿ ಮಿಂಚು.

ಮೈಯ ವಿದ್ಯೆ ಇಷ್ಟು. ಇನ್ನು ಮನಸ್ಸಿನದು, ಅದು ಮಗುವಿಗಿಂತ ಹೆಚ್ಚಾಗಿ ಕಲಿಸುವವರು ಕಲಿಯಬೇಕಾದದ್ದು. ಕೆಲವು ವರ್ಷಗಳ ಕೆಳಗೆ ಒಂದು ಶಾಲಾ ಪಂದ್ಯ ನೋಡುತ್ತಿದ್ದೆ. ಕ್ರಿಕೆಟ್ಟಿನ ಪ್ಯಾಡು ಕಟ್ಟಿದ ಹುಡುಗನೊಬ್ಬ ಗೋಲಿನಲ್ಲಿದ್ದ. ಮೂರನೆಯ ಗೋಲು ಆದೊಡನೆ ಮೇಷ್ಟರು ಅವನನ್ನು ಹೊರಕ್ಕೆ ಕರೆದು ಬೇರೊಬ್ಬನನ್ನು ನಿಲ್ಲಿಸಿದರು. ಹುಡುಗನಿಗೆ ಯಾರೂ ಏನೂ ಅನ್ನಲಿಲ್ಲ. ಅವನು ಗೋಲಿನ ಹಿಂದೆ ಕೂತು ಪ್ಯಾಡಿನ ಪಟ್ಟಿಗಳನ್ನು ಬಿಚ್ಚುವುದು, ಮತ್ತೆ ಕಟ್ಟುವುದು, ಮತ್ತೆ ಬಿಚ್ಚುವುದು, ಇದನ್ನೇ ಪಂದ್ಯ ಮುಗಿಯುವವರೆಗೆ ಮಾಡುತ್ತಿದ್ದ. ಆ ಮೂರು ಗೋಲುಗಳೂ ಅವನನ್ನು ಮುಟ್ಟುವ ಮುಂಚೆ ಹತ್ತು ಜನರನ್ನು ದಾಟಿ ಬಂದಿದ್ದವು. ಆ ಹತ್ತೂ ಜನ ಆಟದಲ್ಲಿಯೇ ಇದ್ದರು.

ದೊಡ್ಡವರ ಲೋಕದಲ್ಲೂ ಇದು ನಡೆಯುತ್ತದೆ. ಸೋವಿಯತ್ ಒಕ್ಕೂಟದ ವ್ಲಾಡಿಸ್ಲಾವ್ ಟ್ರೆಟ್ಯಾಕ್ ಐಸ್ ಹಾಕಿಯ ಅತ್ಯುತ್ತಮ ಗೋಲಿಗಳಲ್ಲೊಬ್ಬ. 1980ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಅಮೆರಿಕದ ವಿರುದ್ಧ ಮೊದಲ ಅವಧಿಯ ಕಡೆಯ ಕ್ಷಣದಲ್ಲಿ ಗೋಲಾಗಿ ಆಟ 2-2 ಆಯಿತು. ತರಬೇತುದಾರ ಟಿಖನೋವ್ ಟ್ರೆಟ್ಯಾಕನನ್ನು ಹೊರಗೆ ಕೂರಿಸಿದ. ಸೋವಿಯತ್ ತಂಡ 4-3ರಿಂದ ಸೋತಿತು. ತನ್ನ ಬಾಳಿನ ದೊಡ್ಡ ತಪ್ಪು ಅದೆಂದು ಟಿಖನೋವನೇ ಮುಂದೆ ಒಪ್ಪಿಕೊಂಡ. ಟ್ರೆಟ್ಯಾಕ್ 1984ರಲ್ಲಿ ಮತ್ತೆ ಚಿನ್ನ ಗೆದ್ದ. ಅವನು ಆಗಲೇ ಪಳಗಿದ್ದ ವೀರ, ಮರಳಿ ಬಂದ. ಹನ್ನೆರಡರ ಹುಡುಗ ಮರಳಿ ಬರುತ್ತಾನೆಂದು ಹೇಳುವಂತಿಲ್ಲ.

ಹಾಗಾದರೆ ಗೋಲು ಆದಾಗ ಏನು ಮಾಡಬೇಕು? ಆ ಗಳಿಗೆಯಲ್ಲಿ ಏನನ್ನೂ ಕೇಳಬಾರದು. ಚೆಂಡನ್ನು ಬಲೆಯಿಂದ ತೆಗೆದುಕೊಡುವುದಕ್ಕೆ ಜೊತೆಯವನೊಬ್ಬ ಹೋಗಬೇಕು. ಗೋಲಿ ಒಬ್ಬನೇ ಬಗ್ಗಿ ತೆಗೆಯುವಂತಾಗಬಾರದು. ಅನುಭವಿಗಳು ಮಗುವಿಗೆ ಒಂದು ಚಿಕ್ಕ ಕ್ರಿಯೆಯನ್ನು ರೂಢಿ ಮಾಡಿಸುತ್ತಾರೆ: ಕಂಬವನ್ನು ಸ್ಟಿಕ್ಕಿನಿಂದ ಒಮ್ಮೆ ತಟ್ಟುವುದು, ಒಂದು ಗುಟುಕು ನೀರು ಕುಡಿಯುವುದು. ಅಲ್ಲಿಗೆ ಆ ಗೋಲು ಮುಗಿಯಿತು. ಮುಂದಿನ ಚೆಂಡು ಬರಲಿ. ಪಂದ್ಯ ಮುಗಿದು ಮನಸ್ಸು ತಣಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ಮೂರು: ಚೆಂಡು ಎಲ್ಲಿತ್ತು, ನೀನು ಎಲ್ಲಿದ್ದೆ, ಅದಕ್ಕೆ ಮುಂಚೆ ಯಾರ ಕೈಯಿಂದ ಅದು ತಪ್ಪಿ ಬಂತು? ಮೂರನೆಯದನ್ನು ಇಡೀ ತಂಡದ ಮುಂದೆ ಕೇಳಬೇಕು. ಒಂದು ನೋಟುಬುಕ್ಕಿನಲ್ಲಿ ಬಿಟ್ಟ ಗೋಲುಗಳ ಪಕ್ಕದಲ್ಲಿ ತಡೆದ ಹೊಡೆತಗಳನ್ನೂ ಬರೆದಿಡಬೇಕು. ಎರಡು ಬಿಟ್ಟು ಹದಿನಾಲ್ಕು ತಡೆದೆನೆಂದು ಕಾಗದದ ಮೇಲೆ ಕಂಡ ಮಗುವಿಗೆ ತನ್ನ ವಿಷಯದಲ್ಲಿ ನ್ಯಾಯವಾದ ತೀರ್ಪು ಕೊಟ್ಟುಕೊಳ್ಳಲು ಬರುತ್ತದೆ.

ವಯಸ್ಸಿನ ವಿಷಯವನ್ನೂ ಮರೆಯುವಂತಿಲ್ಲ. ಎಂಟು ವರ್ಷದೊಳಗಿನ ಮಕ್ಕಳಲ್ಲಿ ಒಬ್ಬರನ್ನೇ ಕಾಯಂ ಗೋಲಿಯಾಗಿ ನಿಲ್ಲಿಸಬೇಡಿ, ಎಲ್ಲರಿಗೂ ಸರದಿ ಬರಲಿ ಎಂಬುದು ಅಮೆರಿಕದ ಐಸ್ ಹಾಕಿ ಸಂಸ್ಥೆಯ ಸಲಹೆ. ನಮಗೂ ಇದು ಒಪ್ಪುತ್ತದೆ. ಸರದಿಯಿದ್ದರೆ ಗೋಲಿಗೆ ಹೋಗುವುದು ಶಿಕ್ಷೆಯಾಗುವುದಿಲ್ಲ. ಅಲ್ಲಿ ನಿಂತು ಬಂದ ಹುಡುಗ ನಾಳೆ ಬೇರೊಬ್ಬ ಗೋಲು ಬಿಟ್ಟಾಗ ಬೈಯುವುದಿಲ್ಲ. ಯಾವ ಮಗುವಿನ ಕಣ್ಣು ಅಲ್ಲಿ ಅರಳುತ್ತದೆ ಎಂಬುದು ನೋಡುವವರಿಗೆ ತಾನಾಗಿ ತಿಳಿಯುತ್ತದೆ. ಶ್ರೀಜೇಶ್ ಕ್ರೀಡಾಶಾಲೆಗೆ ಸೇರಿದ್ದೇ ಹನ್ನೆರಡರಲ್ಲಿ. ಗೋಲಿನಲ್ಲಿ ನಿಂತದ್ದು ಅದಾದ ಮೇಲೆ. ತಡವಾಯಿತೆಂಬ ಆತುರ ಬೇಡ.

ಗೋಲಿಗೆ ಬೇಕಾದ ಮತ್ತೊಂದು ಆಯುಧ ಬಾಯಿ. ಇಡೀ ಬಯಲನ್ನು ಎದುರಿಗೆ ಕಾಣುವವನು ಅವನೊಬ್ಬನೇ. ಕಂಡದ್ದನ್ನು ಕೂಗಿ ಹೇಳದಿದ್ದರೆ ಕಂಡು ಫಲವಿಲ್ಲ. ದೊಡ್ಡವರ ಮುಂದೆ ಬಾಯಿ ಮುಚ್ಚಿಕೊಂಡಿರುವುದನ್ನೇ ಸುಗುಣವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆ ಸುಗುಣಶಾಲಿ ತನಗಿಂತ ಎರಡು ತರಗತಿ ಮೇಲಿನ ಬ್ಯಾಕ್ ಆಟಗಾರನಿಗೆ "ಅಣ್ಣಾ, ಸ್ವಲ್ಪ ಎಡಕ್ಕೆ ಬರ್ತೀರಾ" ಎಂದು ವಿನಯದಿಂದ ಹೇಳಿ ಮುಗಿಸುವಷ್ಟರಲ್ಲಿ ಚೆಂಡು ಬಲೆಯಲ್ಲಿರುತ್ತದೆ. "ಎಡಕ್ಕೆ!" ಎಂದರೆ ಸಾಕು, ಅದು ಅವಿನಯವಲ್ಲ ಎಂದು ಇಬ್ಬರಿಗೂ ತಿಳಿಸಬೇಕು. ಮಾತೇ ಆಡದ ಮಗು ಗೋಲಿನಲ್ಲಿ ನಿಂತು ಮಾತು ಕಲಿತದ್ದನ್ನು ನಾನು ಕಂಡಿದ್ದೇನೆ. ಭಾರತದ ಹಾಕಿ ತಂಡಕ್ಕೆ ನಾಯಕನಾದ ಮೊದಲ ಗೋಲಿ ಶಂಕರ್ ಲಕ್ಷ್ಮಣ್. 1966ರಲ್ಲಿ ಏಷ್ಯನ್ ಕ್ರೀಡೆಗಳ ಚಿನ್ನ ಅವರ ನಾಯಕತ್ವದಲ್ಲಿ ಬಂತು. 2012ರಲ್ಲಿ ಭರತ್ ಛೆಟ್ರಿ, 2016ರಲ್ಲಿ ಶ್ರೀಜೇಶ್ ಒಲಿಂಪಿಕ್ ತಂಡಗಳ ನಾಯಕರಾದರು. ಮಹಿಳಾ ತಂಡದಲ್ಲಿ ಸವಿತಾ ಪೂನಿಯಾ ಇದ್ದಾರೆ. 2021ರ ಟೋಕಿಯೋ ಕ್ವಾರ್ಟರ್ ಫೈನಲಿನಲ್ಲಿ ಆಸ್ಟ್ರೇಲಿಯಕ್ಕೆ ದೊರೆತ ಏಳು ಪೆನಾಲ್ಟಿ ಕಾರ್ನರುಗಳಲ್ಲಿ ಒಂದೂ ಗೋಲಾಗದಂತೆ ಕಾದು 1-0ರ ಗೆಲುವಿಗೆ ಕಾರಣರಾದವರು ಅವರು. ಮುಂದೆ ಆ ತಂಡವನ್ನೂ ನಡೆಸಿದರು.

ಶಂಕರ್ ಲಕ್ಷ್ಮಣರ ಹೆಸರು ಬಂದಾಗ ಅವರ ಕೊನೆಯ ದಿನಗಳೂ ನೆನಪಿಗೆ ಬರುತ್ತವೆ. 1956, 1960, 1964 ಈ ಮೂರು ಒಲಿಂಪಿಕ್ಸುಗಳಲ್ಲಿ ದೇಶದ ಗೋಲು ಕಾದು ಎರಡು ಚಿನ್ನ, ಒಂದು ಬೆಳ್ಳಿಯಲ್ಲಿ ಪಾಲುದಾರರಾದ ಅವರು 2006ರಲ್ಲಿ ತಮ್ಮ ಊರಾದ ಮಹೂದಲ್ಲಿ, ಕಾಲು ಕೊಳೆಯುವ ಕಾಯಿಲೆಯಿಂದ, ಬಡತನದಲ್ಲಿ ತೀರಿಕೊಂಡರು. ಬಾಗಿಲು ಕಾದವನನ್ನು ಮರೆಯುವ ನಮ್ಮ ಅಭ್ಯಾಸ ಬಯಲಿನ ಹುಡುಗರಿಂದ ಮೊದಲಾಗಿ ಅಲ್ಲಿಯವರೆಗೂ ಮುಟ್ಟುತ್ತದೆ.

ಆ ಅಭ್ಯಾಸವನ್ನು ಬಿಡಲು ದೊಡ್ಡ ಯೋಜನೆಗಳೇನೂ ಬೇಕಿಲ್ಲ. ನಮ್ಮ ಎರಡೂ ಊರುಗಳಲ್ಲಿ ಹಾಕಿ ಆಡಿಸುವ ಪ್ರತಿ ಶಾಲೆಯಲ್ಲಿ, ಸ್ಟಿಕ್ಕು ಕೊಳ್ಳುವ ಮುಂಚೆ, ಮಕ್ಕಳ ಅಳತೆಗೆ ಹೊಂದುವ ಗೋಲಿಯ ಉಡುಪು ಒಂದು ಜೊತೆ ಬರಲಿ. ಹಳೆಯ ವಿದ್ಯಾರ್ಥಿಗಳು ಹತ್ತು ಜನ ಕೂಡಿದರೆ ಅದು ಆಗದ ಮಾತಲ್ಲ. ವಾರಕ್ಕೆ ಎರಡು ದಿನ ಅರ್ಧ ಗಂಟೆ, ತಂಡದ ಅಭ್ಯಾಸದಿಂದ ಪ್ರತ್ಯೇಕವಾಗಿ, ಗೋಲಿಗೆಂದೇ ಒಬ್ಬರು ಸಮಯ ಕೊಡಲಿ. ಎರಡು ಹಗ್ಗ, ಹತ್ತು ಟೆನಿಸ್ ಚೆಂಡು, ಒಂದು ನೋಟುಬುಕ್ಕು ಅವರ ಕೈಯಲ್ಲಿರಲಿ. ಇನ್ನು ಪಂದ್ಯ ನೋಡಲು ಹೋಗುವ ನನ್ನಂಥ ಮುದುಕರು, ತಂದೆತಾಯಿಗಳು ಮಾಡಬಹುದಾದದ್ದೂ ಒಂದಿದೆ. ಗೋಲಿನ ಹಿಂದೆ ಹೋಗಿ ನಿಲ್ಲೋಣ, ಬೈಯುವುದಕ್ಕಲ್ಲ. ಆ ಮಗು ತಡೆದಾಗ ಮುಂದಿನವರಿಗೆ ಅದು ಕಾಣದೆ ಹೋದೀತು, ಹಿಂದೆ ನಿಂತವರಿಗೆ ಕಾಣುತ್ತದೆ. ಕಂಡವರು ಅದರ ಹೆಸರು ಹಿಡಿದು ಭಲೆ ಎನ್ನಬಹುದು.

(ಆಕಾಶವಾಣಿ ಭಾಷಣ)